ಹಲ್ಲಿಯ ಪುಸ್ತಕಕ್ಕೊಬ್ಬ ಅಪರಿಚಿತ ಬೇಕಾಗಿದ್ದಾನೆ

ಕೆಲವರ ಮನೆಯಲ್ಲಿ ಕೆಲಸಗಳು ಆಗುತ್ತವೆ, ನಮ್ಮ ಮನೆಯಲ್ಲಿ ಪ್ರಸಂಗಗಳು ಆಗುತ್ತವೆ. ನಾನು ಯಾವುದನ್ನೂ ಅವಸರದಲ್ಲಿ ಮಾಡುವವನಲ್ಲ. ತಿಪಟೂರಿನ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಎಲ್ಲೆಲ್ಲೋ ಸುತ್ತಿ, ಈಗ ಮಿಷಿಗನ್ನಿನ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ತಪಾಸಣೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಬೆಳಗ್ಗೆ ಸ್ನಾನ, ಪೂಜೆ, ಪಂಚಾಂಗ, ಆಮೇಲೆ ಕಾಫಿ. ಮೊಳಕಾಲುದ್ದ ಹಿಮ ಬಿದ್ದ ದಿನವೂ ಈ ಕ್ರಮ ತಪ್ಪಿಲ್ಲ. ಇಷ್ಟು ಎಚ್ಚರಿಕೆಯಿಂದ ಬದುಕುವವನಿಗೇ ಇಂಥವೆಲ್ಲ ಯಾಕಾಗುತ್ತವೆ ಎಂದು ನನ್ನಾಕೆಯನ್ನು ಕೇಳಿದರೆ, “ಎಚ್ಚರಿಕೆ ಜಾಸ್ತಿ ಆಗಿಯೇ ಆಗೋದು” ಎನ್ನುತ್ತಾಳೆ.

ಈಚಿನ ಪ್ರಸಂಗಗಳು ಮಗಳ ಕಾಮಿಕ್ಸ್ ಪುಸ್ತಕದಿಂದ ಆದವು. ಒಬ್ಬಳೇ ಮಗಳು. ಹುಟ್ಟಿದ್ದು ಇಲ್ಲೇ. ಓದು ಮುಗಿಸಿ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಆಫೀಸಿಗೆ ಸೇರಿದ್ದಾಳೆ. ಆಫೀಸಿನಿಂದ ಬಂದವಳು ಬೇಸ್ಮೆಂಟಿಗೆ ಇಳಿದು ಚಿತ್ರ ಬರೆಯಲು ಕೂತರೆ ಊಟಕ್ಕೆ ಕೂಗಿ ಕೂಗಿ ನಮ್ಮ ಗಂಟಲು ಒಣಗಬೇಕು. ಶಿಕಾಗೋ ಹತ್ತಿರ ಜಪಾನಿನವರು ನಡೆಸುವ ಒಂದು ಸಂತೆ ಉಂಟು. ಅಲ್ಲಿಗೆ ಬರುವವರು ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬರೆದು, ತಾವೇ ಮುದ್ರಿಸಿಕೊಂಡ ಪುಸ್ತಕ ತರಬೇಕು. ಬೇರೆಯವರ ಕಥೆಯನ್ನು ಅನುಸರಿಸಿ ಬರೆದದ್ದು ನಡೆಯುವುದಿಲ್ಲ. ಅಪ್ಲೈ ಮಾಡಿ ಮಾಡಿ ಕೊನೆಗೂ ಅವಳಿಗೆ ಅಲ್ಲೊಂದು ಮೇಜು ಸಿಕ್ಕಿತು.

ಅವತ್ತು ಊಟದ ಹೊತ್ತಿನಲ್ಲಿ ಅವಳು ಒಂದು ಮಾತು ಹೇಳಿದಳು. “ಅಪ್ಪ, ಅಮ್ಮ, ನಮ್ಮ ಅಂಕಲ್‌ಗಳು ಆಂಟಿಗಳು ನಾನು ಏನು ಬರೆದ್ರೂ ಸೂಪರ್ ಅಂತಾರೆ. ದಟ್ ಡಸಂಟ್ ಕೌಂಟ್. ನಾನು, ನೀವು, ನಮ್ಮಲ್ಲಿ ಯಾರೂ ಗೊತ್ತಿಲ್ಲದೆ ಇರೋ ಒಬ್ಬರು ದುಡ್ಡು ಕೊಟ್ಟು ತಗೋಬೇಕು. ಒಬ್ಬರು ಸಾಕು. ಅದೂ ಆಗಲಿಲ್ಲ ಅಂದ್ರೆ ಡ್ರಾಯಿಂಗ್ ಟೇಬಲ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

ಅವಳು ಅನ್ನ ಕಲಸುತ್ತಾ ಹಗುರವಾಗಿ ಹೇಳಿದಳು. ಆದರೆ ಆ ಡ್ರಾಯಿಂಗ್ ಟೇಬಲ್ಲನ್ನು ಕೂಡಿಸಿ ನಿಲ್ಲಿಸಿದವನು ನಾನು. ಅದರ ಮುಂದೆ ಕೂತಾಗ ಅವಳ ಮುಖ ಹೇಗಿರುತ್ತದೆ ಎಂಬುದೂ ನನಗೆ ಗೊತ್ತು. ಆವತ್ತಿನಿಂದ ಆ ಒಬ್ಬ ಅಪರಿಚಿತನಿಗಾಗಿ ನಾನು ದಿನವೂ ದೇವರಿಗೆ ಒಂದು ಹೂವು ಹೆಚ್ಚಿಗೆ ಏರಿಸತೊಡಗಿದೆ.

ಮೊದಲ ಪುಟ

ಪುಸ್ತಕಗಳು ಮುದ್ರಣವಾಗಿ ಪೆಟ್ಟಿಗೆಯಲ್ಲಿ ಬಂದಾಗ ಮಗಳು ಆಫೀಸಿನಲ್ಲಿದ್ದಳು. ನಮ್ಮ ಪದ್ಧತಿ ಏನೆಂದರೆ, ಹೊಸ ಪುಸ್ತಕ ಬಂದ ಕೂಡಲೆ ಮೊದಲ ಪುಟದ ತಲೆಯಲ್ಲಿ ಶ್ರೀಕಾರ ಬರೆದು, ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಓದುವುದು. ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟದ್ದು. ಇನ್ನೂ ಬಿಟ್ಟಿಲ್ಲ.

ರಕ್ಷಾಪುಟದ ಮೇಲೆ ಗೋಡೆಗಡಿಯಾರದ ಪಕ್ಕ ಒಂದು ಹಲ್ಲಿ. ಬಹಳ ಚೆನ್ನಾಗಿ ಬಂದಿತ್ತು. ಊರಿನ ಮನೆಯಲ್ಲಿ ಏನಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುತ್ತಿದ್ದೆವು, ಆ ಮಾತು ನಿಜವಾಗುತ್ತದೆಂದು. ಮಿಷಿಗನ್ನಿನ ಮನೆಗಳಲ್ಲಿ ಹಲ್ಲಿ ಇಲ್ಲ. ಎಷ್ಟೋ ವಿಷಯಗಳನ್ನು ಯಾರ ಒಪ್ಪಿಗೆಯೂ ಇಲ್ಲದೆ ತೀರ್ಮಾನ ಮಾಡಬೇಕಾಗಿ ಬಂದಿದೆ. ಇದು ಯಾರ ಮನೆಯ ಹಲ್ಲಿಯಮ್ಮಾ ಎಂದು ಮಗಳನ್ನು ಮೊದಲೇ ಕೇಳಿದ್ದೆ. “ಹೀಗೇ ಅಪ್ಪ, ಯಾರದೋ” ಎಂದಿದ್ದಳು.

ನಾವು ಹಿಡಿಯುವ ಹಾಗೆ, ಹೊಲಿಗೆ ಎಡಕ್ಕೆ ಬರುವಂತೆ ಪುಸ್ತಕ ತಿರುಗಿಸಿ ತೆರೆದೆ. ಮೊದಲ ಪುಟ ನೋಡಿದೆ. ಪೂಜಾಕೋಣೆಯ ಖಾಲಿ ಗೋಡೆ, ಕಿಟಕಿಯಾಚೆ ಹಿಮ, ಹಲ್ಲಿ ಇಲ್ಲ. ಕೆಳಗೆ ಇಂಗ್ಲಿಷಿನಲ್ಲಿ, ಹೊರಟು ಹೋಯಿತು ಎಂಬ ಅರ್ಥದ ಒಂದೇ ಸಾಲು. ಮಗಳ ಮೊದಲ ಪುಸ್ತಕ ಇಂಥ ಅಶುಭದಿಂದ ಶುರುವಾಗುವುದೇ? ಮುಂದೆ ಓದುವ ಧೈರ್ಯ ಬರಲಿಲ್ಲ. ಅಂಥ ಪುಟಕ್ಕೆ ಸ್ವಲ್ಪ ಹೆಚ್ಚೇ ರಕ್ಷೆ ಬೇಕೆಂದು ದೊಡ್ಡದಾಗಿ ಶ್ರೀ ಬರೆದು, ಕೆಳಗೆ ಕುಂಕುಮವನ್ನು ನೀರಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತಿದೆ. ಒಂದಕ್ಕೆ ಮಾಡಿ ಉಳಿದವನ್ನು ಬಿಟ್ಟರೆ, ಆ ಅಪರಿಚಿತ ಬಿಟ್ಟದ್ದನ್ನೇ ಎತ್ತಿಕೊಂಡರೆ ಏನು ಗತಿ? ಪೆಟ್ಟಿಗೆಯಲ್ಲಿದ್ದ ಅಷ್ಟಕ್ಕೂ ಮಾಡಿದೆ.

ಮಗಳು ಬಂದು ನೋಡಿದಳು. ಒಂದೊಂದೇ ಪುಸ್ತಕ ತೆಗೆದು ಅದೇ ಪುಟ ಬಿಡಿಸಿದಳು.

“ಅಪ್ಪ, ಇದು ಜಪಾನಿ ಸ್ಟೈಲ್. ಬಲಗಡೆಯಿಂದ ಓದಬೇಕು. ನೀನು ಶ್ರೀ ಬರೆದಿರೋದು ಲಾಸ್ಟ್ ಪೇಜಿಗೆ.”

ನಾನು ಯೋಚಿಸಿದೆ. “ಹಾಗಾದ್ರೆ ಮೊದಲನೇ ಪುಟಕ್ಕೂ ಹಾಕಿಬಿಡಲಾ?”

ಅವಳು ನನ್ನ ಕೈಯಿಂದ ಕುಂಕುಮದ ಬಟ್ಟಲನ್ನು ಮೆಲ್ಲಗೆ ಬಿಡಿಸಿಕೊಂಡಳು. ಇನ್ನು ಈ ಪುಸ್ತಕಗಳನ್ನು ಮುಟ್ಟಕೂಡದು, ತೆರೆಯಕೂಡದು ಎಂದು ಮಾತು ತೆಗೆದುಕೊಂಡು ಪೆಟ್ಟಿಗೆಯನ್ನು ತನ್ನ ಕೋಣೆಗೆ ಹೊತ್ತೊಯ್ದಳು. ಮರುಮುದ್ರಣಕ್ಕೆ ಸಮಯವಿರಲಿಲ್ಲ.

ನನ್ನಾಕೆ ಅಡುಗೆಮನೆಯಿಂದಲೇ ಅವಳಿಗೆ ಸಮಾಧಾನ ಹೇಳಿದಳು. “ಹೋಗ್ಲಿ ಬಿಡು ಪುಟ್ಟಿ. ಕೊನೇಲಾದ್ರೂ ದೇವರನ್ನ ನೆನೆದಂಗಾಯ್ತು.”

ಪ್ರಸ್ಥಾನ

ಸಂತೆ ಇದ್ದದ್ದು ಭಾನುವಾರ. ಶನಿವಾರ ಬೆಳಗ್ಗೆ ಪ್ಲಿಮತ್ ಪಕ್ಕದ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಹೊರಡುವುದೆಂದು ತೀರ್ಮಾನ. ಶನಿವಾರ ಒಂಬತ್ತಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ಹೊರಡೋಣವೆಂದರೆ ದಾರಿಗೆ ಬೇಕಾದ ಪುಳಿಯೋಗರೆ ಇನ್ನೂ ಕಲಸಿರಲಿಲ್ಲ. ರಾಹುಕಾಲ ಮುಗಿಯುವ ತನಕ ಕಾಯೋಣವೆಂದರೆ ಮಗಳು ಒಪ್ಪಲಿಲ್ಲ.

ಇಂಥ ಇಕ್ಕಟ್ಟಿಗೆಂದೇ ಹಿರಿಯರು ಪ್ರಸ್ಥಾನ ಎಂಬ ಉಪಾಯ ಇಟ್ಟಿದ್ದಾರೆ. ಕೆಟ್ಟ ಹೊತ್ತು ಶುರುವಾಗುವ ಮೊದಲೇ, ಒಯ್ಯುವ ಸಾಮಾನಿನಲ್ಲಿ ಒಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಹಾಗೆ ಮಾಡಿದರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಾಮಾನನ್ನೇ ಇಡುವುದು ಶ್ರೇಯಸ್ಸು ಎಂದು ಮಗಳು ಬಾಗಿಲ ಬಳಿ ತಂದಿಟ್ಟಿದ್ದ ಪುಸ್ತಕದ ಪೆಟ್ಟಿಗೆಯನ್ನು, ಒಳಗಿನದನ್ನು ಮುಟ್ಟದೆ, ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿರುವುದು ಒಬ್ಬ ಅಮೆರಿಕದ ಹಿರಿಯರು, ಕಾರ್ಖಾನೆಯಿಂದ ನಿವೃತ್ತರಾದವರು. ಒಮ್ಮೆ ನಾನು ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದನ್ನು ನೋಡಿದಂದಿನಿಂದ ನನ್ನನ್ನು ಯಾವುದಕ್ಕೂ ಕಾರಣ ಕೇಳುವುದನ್ನು ಬಿಟ್ಟಿದ್ದಾರೆ.

“ಇದನ್ನು ನಿಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಇಡಬಹುದೇ?” ಎಂದೆ.

“ಒಳಗೆ ಏನಿದೆ?”

“ನನ್ನ ಮಗಳ ಪುಸ್ತಕ.”

“ಹಾಗಾದರೆ ಒಳಗೇ ಇಡುತ್ತೇನೆ” ಎಂದು ಭಕ್ತಿಯಿಂದ ತೆಗೆದುಕೊಂಡರು.

ಒಂಬತ್ತೂವರೆಗೆ, ರಾಹುಕಾಲದ ನಡುಮಧ್ಯೆ, ಒಂದು ಚೂರೂ ಅಳುಕಿಲ್ಲದೆ ಹೊರಟೆವು. ಪುಳಿಯೋಗರೆ ಇತ್ತು, ಮೊಸರನ್ನ ಇತ್ತು, ಕೋಡುಬಳೆಯ ಡಬ್ಬ ಇತ್ತು. ಮುಕ್ಕಾಲು ಗಂಟೆ ಓಡಿಸಿ, ಹೈವೇಯಲ್ಲಿ ಜಾಕ್ಸನ್ ಊರಿನ ಎಕ್ಸಿಟ್ ದಾಟಿದ ಮೇಲೆ ಮಗಳು ಹಿಂದಿನ ಸೀಟಿನಿಂದ ಕೇಳಿದಳು. “ಅಪ್ಪ, ಬಾಕ್ಸ್ ಟ್ರಂಕ್‌ನಲ್ಲಿ ಇಟ್ಟಿದ್ದೀಯಲ್ಲ?”

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಕಾರು ತಿರುಗಿಸಿದೆ. ಅದೇ ಉತ್ತರವಾಯಿತು.

ವಾಪಸ್ಸು ಬಂದಾಗ ನೆರೆಮನೆಯವರು ಜಗುಲಿಯ ಕುರ್ಚಿಯಲ್ಲಿ ಕೂತು ಆ ಪುಸ್ತಕವನ್ನೇ ಓದುತ್ತಿದ್ದರು. ಹೆಬ್ಬೆರಳು ಕುಂಕುಮದಿಂದ ಕೆಂಪಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದರು. ಪುಸ್ತಕ ನೋಡಿದರು. ಇನ್ನೊಮ್ಮೆ ನನ್ನನ್ನು ನೋಡಿದರು. ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪೆಟ್ಟಿಗೆ ಮರೆತು ಹೋದದ್ದಕ್ಕೆ ನಗುತ್ತಿದ್ದಾರೆಂದು ತಿಳಿದು ನಾನೂ ಸ್ವಲ್ಪ ನಕ್ಕೆ.

“ನನಗೊಂದು ಬೇಕು” ಎಂದು ಅವರು ಜೇಬಿಗೆ ಕೈ ಹಾಕಿದರು. ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಮಗಳ ಕಡೆ ನೋಡಿದೆ. ಅವಳು ಬೇಡವೆಂದು ತಲೆಯಾಡಿಸಿ ಅವರಿಗೆ ಇಂಗ್ಲಿಷಿನಲ್ಲೇ ಹೇಳಿದಳು. “ನೀವು ನನ್ನನ್ನ ಡೈಪರ್‌ನಲ್ಲಿ ನೋಡಿದ್ದೀರ. ಯೂ ಡೋಂಟ್ ಕೌಂಟ್. ಇದನ್ನ ಸುಮ್ನೆ ಇಟ್ಕೊಳ್ಳಿ.”

ಎರಡನೇ ಸಲ ಹೊರಡುವಾಗ ರಾಹುಕಾಲ ಮುಗಿದು ಬಹಳ ಹೊತ್ತಾಗಿತ್ತು. “ಅಂತೂ ಒಳ್ಳೇ ಟೈಮಿಗೇ ಹೊರಟ್ರಿ” ಎಂದಳು ನನ್ನಾಕೆ.

ಪರೀಕ್ಷೆ

ಭಾನುವಾರ ಬೆಳಗ್ಗೆ ಸಂತೆ ನಡೆಯುವ ಹೋಟೆಲಿನ ದೊಡ್ಡ ಹಾಲಿಗೆ ಹೋದೆವು. ಉದ್ದಕ್ಕೂ ಸಾಲು ಮೇಜುಗಳು. ಎಲ್ಲರೂ ತಮ್ಮ ತಮ್ಮ ಮೇಜಿಗೆ ಬಟ್ಟೆ ಹಾಸಿ, ಪುಸ್ತಕ ಜೋಡಿಸುತ್ತಿದ್ದರು. ಇಷ್ಟು ಜನ ಸೇರಿದ ಜಾಗ ಇಷ್ಟು ಸದ್ದಿಲ್ಲದೆ ಇರುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಕನ್ನಡ ಕೂಟದ ಸಭೆಯಲ್ಲಿ ಮೌನಾಚರಣೆಯ ಹೊತ್ತಿನಲ್ಲೂ ಇದಕ್ಕಿಂತ ಗಲಾಟೆ ಇರುತ್ತದೆ.

ಬಾಗಿಲು ತೆರೆಯುವ ಮೊದಲು ಸಂಘಟಕರಲ್ಲಿ ಒಬ್ಬರು ಪ್ರತಿ ಮೇಜಿಗೂ ಬಂದು ಒಂದೊಂದು ಪುಸ್ತಕವನ್ನು ಪುಟ ಪುಟ ತಿರುವಿ ನೋಡುತ್ತಾರೆ. ನಿಯಮಕ್ಕೆ ವಿರುದ್ಧವಾದದ್ದೇನಾದರೂ ಕಂಡರೆ ಮಾರುವಂತಿಲ್ಲ. ನಮ್ಮ ಮೇಜಿಗೆ ಬಂದವರು ಒಬ್ಬ ಜಪಾನಿ ಹೆಂಗಸು, ನನ್ನಾಕೆಯ ವಯಸ್ಸಿನವರು. ಬಿಳಿ ಅಂಗಿ ಹಾಕಿದ್ದರು. ಬಲಗಡೆಯಿಂದ ಶುರುಮಾಡಿ ಒಂದೊಂದೇ ಪುಟ ದಾಟಿ ಕೊನೆಗೆ ಬಂದು ನಿಂತರು. ನಿಂತೇ ಇದ್ದರು. ನನ್ನ ಬಾಯಲ್ಲಿ ತಾನಾಗಿ ರಾಮರಕ್ಷಾ ಶುರುವಾಯಿತು.

“ಇದು ಮುದ್ರಣವಲ್ಲ. ಕೈಯಿಂದ ಒತ್ತಿದ್ದೇ?”

“ಹೌದು” ಎಂದಳು ಮಗಳು. ಧ್ವನಿ ಸಣ್ಣಗಾಗಿತ್ತು.

“ಪ್ರತಿಯೊಂದಕ್ಕೂ?”

“ಪ್ರತಿಯೊಂದಕ್ಕೂ” ಎಂದೆ ನಾನು. ಸುಳ್ಳು ಹೇಳುವ ಹಾಗಿರಲಿಲ್ಲ.

ಅವರು ಇನ್ನಿಬ್ಬರನ್ನು ಕರೆದರು. ಮೂವರೂ ಬಗ್ಗಿ ಆ ಪುಟ ನೋಡಿದರು. ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಕಾರು ಎಲ್ಲಿ ನಿಲ್ಲಿಸಿದ್ದೇನೆ, ಹೊರಗೆ ಹೋಗುವ ದಾರಿ ಯಾವುದು ಎಂದು ನಾನು ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೂವರೂ ಒಟ್ಟಿಗೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು.

ಮಗಳು ನನ್ನ ಕಿವಿಯಲ್ಲಿ ಹೇಳಿದಳು. “ಅಪ್ಪ, ಅವರ ದೇಶದಲ್ಲಿ ಆರ್ಟಿಸ್ಟ್ ಕೆಂಪು ಸೀಲ್ ಒತ್ತುತ್ತಾರೆ. ಇದೂ ಹಾಗೇ ಅಂದ್ಕೊಂಡಿದ್ದಾರೆ. ಪ್ಲೀಸ್, ಸುಮ್ನಿರು.”

ಸುಮ್ಮನಿರುತ್ತಿದ್ದೆ. ಆದರೆ ಆ ಹೆಂಗಸಿನ ಬೆರಳಿಗೆ ಕುಂಕುಮ ಅಂಟಿತ್ತು, ಅವರು ಅದನ್ನು ಕಾಗದದ ಕರವಸ್ತ್ರಕ್ಕೆ ಒರೆಸಲು ಹೊರಟಿದ್ದರು. ದೇವರ ಮುಂದಿಟ್ಟ ಕುಂಕುಮವನ್ನು ಒರೆಸಿ ಕಸದ ಬುಟ್ಟಿಗೆ ಹಾಕುವುದನ್ನು ನೋಡಿಕೊಂಡು ನಾನು ಹೇಗೆ ಕೂರಲಿ? ಎದ್ದು ನಿಂತು, ಹಾಗೆ ಮಾಡಬಾರದು, ಇಲ್ಲಿ ಹಚ್ಚಿಕೊಳ್ಳಬೇಕು ಎಂದು ನನ್ನ ಹಣೆ ತೋರಿಸಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಮರುಮಾತಿಲ್ಲದೆ ಹಚ್ಚಿಕೊಂಡರು. ಉಳಿದಿಬ್ಬರೂ ಪುಟಕ್ಕೆ ಬೆರಳು ತಾಗಿಸಿ ಹಚ್ಚಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಸಂಘಟಕರೆಂದರೆ ಯಾರು ಎಂದು ಯಾರಾದರೂ ಕೇಳಿದರೆ, “ಹಣೆಯ ಮೇಲೆ ಕೆಂಪು ಬೊಟ್ಟು ಇರುವವರು” ಎಂದು ಜನ ತೋರಿಸುತ್ತಿದ್ದರು.

ಸಾಲು

ಬಾಗಿಲು ತೆರೆಯಿತು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಜನ ಒಳಗೆ ಬಂದರು. ಅಲ್ಲಿನ ಪದ್ಧತಿ ಹೀಗೆ. ಮೇಜಿನ ಮೇಲೆ ನೋಡಲೆಂದೇ ಒಂದು ಪ್ರತಿ ಇರುತ್ತದೆ. ಬಂದವರು ಅದನ್ನು ನಿಂತಲ್ಲೇ ಓದುತ್ತಾರೆ. ಇಷ್ಟವಾದರೆ ಕೊಳ್ಳುತ್ತಾರೆ, ಇಲ್ಲವಾದರೆ ಸ್ವಸ್ಥಾನಕ್ಕೆ ಇಟ್ಟು ತಲೆಬಾಗಿ ಹೋಗುತ್ತಾರೆ. ಕೂಗಿ ಕರೆಯುವಂತಿಲ್ಲ, ಒತ್ತಾಯ ಮಾಡುವಂತಿಲ್ಲ.

ಒಬ್ಬ ಬಂದ, ಓದಿದ, ತಲೆಬಾಗಿದ, ಹೋದ. ಒಬ್ಬಳು ಬಂದಳು, ಓದಿದಳು, ತಲೆಬಾಗಿದಳು, ಹೋದಳು. ಇಷ್ಟೊಂದು ಗೌರವ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ, ಇಷ್ಟೊಂದು ಸಂಕಟವೂ ಆಗಿರಲಿಲ್ಲ. ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹೊತ್ತು ಹೋದಂತೆ ಆ ಬೆನ್ನು ಸ್ವಲ್ಪ ಸ್ವಲ್ಪವೇ ಬಗ್ಗುತ್ತಿತ್ತು. ಅದನ್ನು ಪಕ್ಕದಿಂದ ನೋಡುವುದು ಬಹಳ ಕಷ್ಟ.

ನಮ್ಮ ಕಡೆ, ಬಾಗಿಲಿಗೆ ಬಂದವರನ್ನು ಬಾಯಿಗೆ ಏನೂ ಹಾಕದೆ ಕಳಿಸುವುದಿಲ್ಲ. ಮೇಜು ನಮ್ಮದು, ಬಂದವರು ಅತಿಥಿಗಳು. ಮಗಳು ನೀರು ತರಲು ಹೋದಾಗ ಕೋಡುಬಳೆಯ ಡಬ್ಬ ತೆರೆದು ಪುಸ್ತಕದ ಪಕ್ಕ ಇಟ್ಟೆ. ಒಬ್ಬ ಹುಡುಗ ಒಂದನ್ನು ತೆಗೆದುಕೊಂಡು ಕಡಿದ. ಆ ನಿಶ್ಶಬ್ದದ ಹಾಲಿನಲ್ಲಿ ಕಟುಂ ಎಂಬ ಸದ್ದಿಗೆ ಎರಡು ಸಾಲು ಆಚೆಯವರೂ ತಿರುಗಿ ನೋಡಿದರು. ನೋಡಿದವರು ಬಂದರು. ಅವರನ್ನು ನೋಡಿ ಇನ್ನಷ್ಟು ಜನ ಬಂದರು. ಶಿಸ್ತಿನ ಜನ, ತಾವಾಗಿಯೇ ಒಬ್ಬರ ಹಿಂದೆ ಒಬ್ಬರು ನಿಂತರು.

ಮಗಳು ವಾಪಸ್ಸು ಬಂದವಳು ಸಾಲನ್ನು ನೋಡಿ ದಾರಿಯಲ್ಲೇ ನಿಂತುಬಿಟ್ಟಳು. ಅವಳ ಮುಖ ಅರಳಿದ್ದನ್ನು ನೋಡಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹತ್ತಿರ ಬಂದಳು, ಡಬ್ಬ ಕಂಡಳು.

“ಪುಸ್ತಕ ಯಾರಾದ್ರೂ ಓದಿದ್ರಾ?”

“ಇಲ್ಲಮ್ಮ” ಎಂದಳು ನನ್ನಾಕೆ. “ಕೈ ಎಣ್ಣೆ ಆಗಿದೆ, ಪುಸ್ತಕ ಮುಟ್ಟಿದ್ರೆ ಕೊಳೆಯಾಗುತ್ತೆ ಅಂತ ಪಾಪ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಹೋಗ್ತಿದ್ದಾರೆ. ಎಷ್ಟು ಒಳ್ಳೇ ಸಂಸ್ಕಾರ ನೋಡು.”

ಅಪರಿಚಿತ ದಂಪತಿ

ಹೀಗೇನಾದರೂ ಆದೀತೆಂಬ ಭಯದಿಂದ ನಾನೊಂದು ಏರ್ಪಾಡು ಮಾಡಿಕೊಂಡಿದ್ದೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನನ್ನ ಹಳೆಯ ಮಿತ್ರರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಅವರೂ ಅವರ ಮನೆಯವರೂ ನನ್ನ ಮಗಳನ್ನು ನೋಡಿದ್ದು ಅವಳು ಕೂಸಾಗಿದ್ದಾಗ. ಅವಳಿಗೆ ಅವರ ಗುರುತಿಲ್ಲ. ಫೋನ್ ಮಾಡಿ, ಮಧ್ಯಾಹ್ನ ಬಂದು ಗೊತ್ತಿಲ್ಲದವರಂತೆ ಒಂದು ಪುಸ್ತಕ ಕೊಳ್ಳಬೇಕು ಎಂದು ಕೇಳಿಕೊಂಡಿದ್ದೆ.

“ಅಷ್ಟಽ ಏನ್ರೀ? ನಾಟಕದಾಗ ಪಾರ್ಟ್ ಮಾಡಿದಾಂವ ನಾನು. ನೀವು ನಿಶ್ಚಿಂತ ಇರ್ರಿ” ಎಂದಿದ್ದರು.

ಬಂದರು. ಅವರು ಸೂಟು ಹಾಕಿದ್ದರು. ಮನೆಯವರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಒಂದು ಚೀಲ ಹಿಡಿದಿದ್ದರು. ಸಾವಿರ ಜನರ ನಡುವೆಯೂ ಎದ್ದು ಕಾಣುವ ಹಾಗಿದ್ದರು. ನಾನು ಬೇರೆ ಕಡೆ ನೋಡುತ್ತಾ ಕೂತೆ. ಮಿತ್ರರು ನಮ್ಮ ಮೇಜಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾದ ಕನ್ನಡದಲ್ಲಿ ಶುರುಮಾಡಿದರು.

“ನಮಸ್ಕಾರ. ಹಿಂಗ ಈ ಕಡೆ ಹೊಂಟಿದ್ವಿ. ನೀವು ಯಾರಂತ ನಮಗ ಗೊತ್ತಿಲ್ಲ. ನಿಮ್ಮ ತಂದಿಯವರಂತೂ ನಮಗ ಅಗದೀ ಗೊತ್ತಿಲ್ಲ.”

ಮಗಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಮೇಲಿನ ದೀಪ ನೋಡುತ್ತಿದ್ದೆ.

“ಒಂದು ಪುಸ್ತಕ ಕೊಡ್ರಿ” ಎಂದು ಅವರು ಕೋಟಿನ ಜೇಬಿನಿಂದ ಹಣ ತೆಗೆದರು. ಬಿಡಿಯಾಗಿ ಅಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಕೊಡುತ್ತೇವಲ್ಲ, ಮೇಲೆ ಒಂದು ನಾಣ್ಯ ಅಂಟಿಸಿದ ಬಣ್ಣದ ಲಕೋಟೆ, ಅದರಲ್ಲಿ. ಮೂಲೆಗೆ ಅರಿಶಿನ ಬೇರೆ. ನನ್ನ ಅವಸ್ಥೆ ನೋಡಿ ಅವರು ಮೆಲ್ಲಗೆ ಕೇಳಿದರು, “ಹೆಣ್ಣುಮಗಳ ಕೈಯಾಗ ರೊಕ್ಕಾ ಹಂಗಽ ಬಿಡಿ ಕೊಡೂದು ಹ್ಯಾಂಗ್ರೀ?”

ಅವರ ಮನೆಯವರು ಅಲ್ಲಿಯ ತನಕ ತುಟಿ ಬಿಗಿಹಿಡಿದು ನಿಂತಿದ್ದರು. ಇನ್ನು ತಡೆಯಲಾಗಲಿಲ್ಲ. ಚೀಲದಿಂದ ಒಂದು ರವಿಕೆ ಖಣ ತೆಗೆದು ಮಗಳ ಕೈಗಿಟ್ಟು ಗಲ್ಲ ಸವರಿದರು.

“ಯವ್ವಾ, ಎಷ್ಟ ಸೊರಗೀಯಽ? ಬೆಳಿಗ್ಗಿಂದ ಏನರೆ ತಿಂದೀಯಿಲ್ಲೋ? ಸಣ್ಣಾಕಿದ್ದಾಗ ನನ್ನ ತೊಡೀ ಮ್ಯಾಲ ಮಲಗಿ ನನ್ನ ಸೀರಿ ತೋಯಿಸಿದ್ದಿ.”

ಮಿತ್ರರು ತಲೆಗೆ ಕೈಹಚ್ಚಿಕೊಂಡರು. ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಗದರಿಸಿದರು, “ಅಲ್ಲಽ, ಮನೀಂದ ಇಲ್ಲೀತನಕ ಕಾರಿನ್ಯಾಗ ಹೇಳಿಕೋತ ಬಂದೀನಿ. ನಾವು ಪರಕೀಯರಂತ.”

“ಪರಕೀಯರಾದರೇನು” ಎಂದರು ಆಕೆ, “ಉಂಡೀಯೇನಂತ ಕೇಳಬಾರದಽ?”

ಗೊತ್ತಾ?

ಅವರು ಪುಸ್ತಕ ತೆಗೆದುಕೊಂಡು ಹೋದ ಮೇಲೆ ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಪ್ಪ, ಇನ್ನು ಎಷ್ಟು ಜನಕ್ಕೆ ಹೇಳಿದ್ದೀಯ?” ಎಂದು ಕೇಳಿದಳು. ಇನ್ನು ಯಾರಿಗೂ ಇಲ್ಲ ಎಂದೆ. ಅವಳು ನಂಬಲಿಲ್ಲ. ಲಕೋಟೆಯನ್ನೂ ಖಣವನ್ನೂ ಮೇಜಿನ ಕೆಳಗೆ ಇಟ್ಟು, ಉಳಿದ ಪುಸ್ತಕಗಳನ್ನು, ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ, ಪೆಟ್ಟಿಗೆಗೆ ಹಾಕತೊಡಗಿದಳು. ಮುಗಿಯುವ ಹೊತ್ತು ಹತ್ತಿರ ಬಂದಿತ್ತು. ಡ್ರಾಯಿಂಗ್ ಟೇಬಲ್ಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚುತ್ತಿರುವಂತೆ ನನ್ನ ಕೈಗಳು ತಾವಾಗಿ ಆಡಿದವು.

ಆಗ ಒಬ್ಬ ಜಪಾನಿ ಮುದುಕರು ಬಂದು ನಿಂತರು. ತಲೆಯ ಮೇಲೆ ಬಟ್ಟೆಯ ಟೋಪಿ, ಕಂಕುಳಲ್ಲಿ ಕೊಡೆ. ನೋಡಲೆಂದು ಇಟ್ಟು ಮೇಜಿನ ಮೇಲೆ ಉಳಿದಿದ್ದ ಆ ಒಂದು ಪ್ರತಿಯನ್ನು ಎತ್ತಿಕೊಂಡು ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದತೊಡಗಿದರು. ಮುಖ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗಲು ಶುರುವಾಯಿತು. ಕೊಡೆ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಭುಜ ನಿಂತಿತು. ಖಾಲಿ ಗೋಡೆಯನ್ನೂ ಅದರ ಮೇಲಿನ ಕೆಂಪು ಬೊಟ್ಟನ್ನೂ ಬಹಳ ಹೊತ್ತು ನೋಡಿ, ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

“ಹಲ್ಲಿ ಹೋಯಿತು” ಎಂದರು, ನಿಧಾನವಾದ ಇಂಗ್ಲಿಷಿನಲ್ಲಿ. “ಅದರ ಗುರುತು ಉಳಿಯಿತು. ಬಹಳ ಒಳ್ಳೆಯ ಕೊನೆ. ನನಗೊಂದು ಕೊಡಿ.”

ಮಗಳು ಪುಸ್ತಕ ಕೊಡಲಿಲ್ಲ. ಎದ್ದು ನಿಂತು, ನನ್ನ ಕಡೆ ಬೆರಳು ತೋರಿಸಿ, ಪೊಲೀಸರಂತೆ ಕೇಳಿದಳು.

“ಸರ್, ಈ ಮನುಷ್ಯ ನಿಮಗೆ ಗೊತ್ತಾ?”

ಮುದುಕರು ಕನ್ನಡಕವನ್ನು ಕೆಳಗಿಳಿಸಿ ನನ್ನನ್ನು ನೋಡಿದರು. ಹಣೆಯ ಗಂಧ ನೋಡಿದರು, ಕುತ್ತಿಗೆಯ ತನಕ ಗುಂಡಿ ಹಾಕಿದ ಸ್ವೆಟರ್ ನೋಡಿದರು, ಮಡಿಲಲ್ಲಿದ್ದ ಮೊಸರನ್ನದ ಡಬ್ಬ ನೋಡಿದರು. ಅವರ ಮುಖವೆಲ್ಲ ನಗೆಯಾಯಿತು.

“ಗೊತ್ತು” ಎಂದರು. “ಬಹಳ ಚೆನ್ನಾಗಿ ಗೊತ್ತು.”

ಮಗಳು ಕೂತುಬಿಟ್ಟಳು. “ಅಪ್ಪ” ಎಂದಳು, ಅಷ್ಟೇ.

“ಪುಟ್ಟಿ, ಮನೆದೇವರ ಆಣೆ. ಇವರನ್ನ ನಾನು ಕಣ್ಣಲ್ಲೂ ಕಂಡಿಲ್ಲ” ಎಂದೆ. ನಾನು ಸುಮ್ಮಸುಮ್ಮನೆ ಆಣೆ ಇಡುವವನಲ್ಲ ಎಂಬುದು ಅವಳಿಗೆ ಗೊತ್ತು. ಮುದುಕರ ಕಡೆ ತಿರುಗಿ ಕೈ ಜೋಡಿಸಿದೆ. “ಸ್ವಾಮಿ, ನೀವು ಯಾರು? ನಾನು ನಿಮಗೆ ಹೇಗೆ ಗೊತ್ತು?”

ಅವರಿಗೆ ಆಶ್ಚರ್ಯವಾಯಿತು. ಪುಸ್ತಕವನ್ನು ಬಲಗಡೆಯಿಂದ ತೆರೆದು ನನ್ನ ಮುಖದ ಪಕ್ಕ ಹಿಡಿದರು.

“ಇವರು ನೀವೇ ಅಲ್ಲವೇ?”

ನೋಡಿದೆ. ಹಣೆಯಲ್ಲಿ ಗಂಧ, ಕುತ್ತಿಗೆಯ ತನಕ ಗುಂಡಿ ಹಾಕಿದ ಸ್ವೆಟರ್, ಅದನ್ನು ಮುಂದಕ್ಕೆ ತಳ್ಳಿದ ಹೊಟ್ಟೆ. ಒಬ್ಬ ಮನುಷ್ಯ ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ಪೂಜಾಕೋಣೆಯ ಗೋಡೆಯ ಮುಂದೆ ಬಗ್ಗಿ ನಿಂತು, ಟೋಲ್ ರಸ್ತೆಯಲ್ಲಿ ಹೋಗಲೋ ಬೇರೆ ರಸ್ತೆಯಲ್ಲಿ ಹೋಗಲೋ ಎಂದು ಹಲ್ಲಿಯನ್ನು ಕೇಳುತ್ತಿದ್ದ. ಪುಟ ತಿರುವಿದೆ. ಸ್ನೋ ಯಾವಾಗ ನಿಲ್ಲುತ್ತದೆ ಎಂದು ಕೇಳುತ್ತಿದ್ದ. ಇನ್ನೊಂದು ಪುಟ. ಮಗಳು ಮನೆಗೆ ಬರುವುದು ತಡವಾಗಿದೆ, ಫೋನ್ ಮಾಡಿದರೆ ಬೇಜಾರಾದಾಳೇ ಎಂದು ಕೇಳುತ್ತಿದ್ದ. ಹಲ್ಲಿ ಪಾಪ ಸೂಟ್‌ಕೇಸಿನಲ್ಲಿ ಊರಿನಿಂದ ಬಂದದ್ದು. ಇವನ ಪ್ರಶ್ನೆಗಳಿಗೆ ಲೊಚಗುಟ್ಟಿ ಲೊಚಗುಟ್ಟಿ ಸುಸ್ತಾಗಿ ಕೊನೆಗೆ ಹಿಮವೇ ವಾಸಿ ಎಂದು ಹೊರಟುಹೋಗಿತ್ತು.

ನನ್ನಾಕೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದವಳು ಹೇಳಿದಳು, “ಆ ಸ್ವೆಟರ್ ಬಿಸಾಕಿ ಅಂತ ಎಷ್ಟು ಸಲ ಹೇಳಿದ್ದೆ. ಈಗ ಜಪಾನಿಗೂ ಹೋಯ್ತು.”

ಮಗಳು ಮುದುಕರನ್ನು ಇನ್ನೊಮ್ಮೆ ಕೇಳಿದಳು. “ಅಂದ್ರೆ ನೀವು ಇವರನ್ನ ಪುಸ್ತಕದಲ್ಲಿ ಮಾತ್ರ ನೋಡಿದ್ದಾ?”

“ಮತ್ತೆಲ್ಲಿ ನೋಡಲಿ?” ಎಂದರು ಅವರು. “ಆದರೆ ಇವರ ಮನೆಯಲ್ಲೇ ಇದ್ದು ಬಂದ ಹಾಗಾಯಿತು.”

ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವರು ಎರಡೂ ಕೈಯಲ್ಲಿ ಹಣ ಕೊಟ್ಟರು. ಇಬ್ಬರೂ ತಲೆಬಾಗಿದರು. ನಾನೂ ಬಾಗಿದೆ. ಬಾಗಿದವನು ಕಣ್ಣೊರೆಸಿಕೊಂಡು ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಈ ಸಲ ಅದು ಮುಗಿಯುವ ತನಕ ಹೋಟೆಲಿನ ಪಾರ್ಕಿಂಗ್‌ನಲ್ಲೇ ಕಾರಿನಲ್ಲಿ ಕೂತು ಪುಳಿಯೋಗರೆ ಮುಗಿಸಿ ಹೊರಟೆವು. ಹೈವೇ ಸೇರಿದೆವು. ಒಂದು ಕಡೆ ಉದ್ದನೆಯ ಸೆಮಿ ಟ್ರಕ್ಕು, ಇನ್ನೊಂದು ಕಡೆ ಗೋಡೆ. ಮುಂದೆ ರಸ್ತೆ ಎರಡಾಗುತ್ತಿತ್ತು. ನಾನು ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು, “ಟೋಲ್ ರಸ್ತೇಲಿ ಹೋಗೋಣ್ವಾ, ಬೇಡ್ವಾ?” ಎಂದೆ. ಹಿಂದಿನ ಸೀಟಿನಿಂದ ಪೆನ್ಸಿಲ್ಲಿನ ಸರಸರ ಸದ್ದು ಕೇಳಿತು.

“ಏನು ಮಾಡ್ತಿದ್ದೀ ಪುಟ್ಟಿ?”

“ಏನಿಲ್ಲ ಅಪ್ಪ. ಹೀಗೇ ಹೆದರಿಕೊಂಡಿರು. ಮುಖ ಮಾತ್ರ ಸ್ವಲ್ಪ ಈ ಕಡೆ ತಿರುಗಿಸು.”

“ತಿರುಗಿಸಿ ಅಂದ್ರೆ, ಮಗು ಕೇಳ್ತಿದೆ” ಎಂದಳು ಪಕ್ಕದಲ್ಲಿದ್ದ ನನ್ನಾಕೆ. “ರಸ್ತೆ ನಾನು ನೋಡ್ಕೋತೀನಿ.”